ಬಿತ್ತದೆ ಬಿಟ್ಟ ಹೊಲ

ಇದನ್ನು ಬರೆಯಬಹುದೇ ಎಂದು, ಕೆಲಸದ ನಿಮಿತ್ತ ಪರಿಚಯವಾಗಿದ್ದ ಒಬ್ಬ ಅರಬ್ ಅಜ್ಜಿಯ ಮಗಳನ್ನು ಫೋನಿನಲ್ಲಿ ಕೇಳಿದೆ. ಅಜ್ಜಿ ತೀರಿಕೊಂಡು ಆಗ ಒಂದು ಬೇಸಿಗೆ ಕಳೆದಿತ್ತು. ನಿನ್ನ ಭಾಷೆಯಲ್ಲಿ ಬರೆಯುವುದಾದರೆ ಬರೆ, ಊರಿನ ಹೆಸರು ಬೇಡ, ನಮ್ಮ ಮನೆತನದ ಹೆಸರೂ ಬೇಡ ಎಂದರು. ಆ ಮಾತಿಗೆ ಒಪ್ಪಿಕೊಂಡು ಬರೆಯುತ್ತಿದ್ದೇನೆ.

ದುಬೈಯಿಂದ ಉತ್ತರಕ್ಕೆ ಹೋಗಿ, ಹೆದ್ದಾರಿ ಬಿಟ್ಟು ಒಂದು ಒಣ ಕಣಿವೆಯೊಳಗೆ ತಿರುಗಬೇಕು. ಇಲ್ಲಿನವರು ಅಂಥ ಕಣಿವೆಗೆ ವಾದಿ ಎನ್ನುತ್ತಾರೆ. ವರ್ಷವಿಡೀ ಅಲ್ಲಿ ಬರೀ ಉರುಟು ಕಲ್ಲು, ಮಳೆ ಬಂದ ದಿನ ಮಾತ್ರ ಹೊಳೆ. ವಾದಿ ದಾಟಿ, ಗಾಡಿ ಹೋಗುವಷ್ಟು ದೂರ ಗಾಡಿಯಲ್ಲಿ ಹೋಗಿ, ಆಮೇಲೆ ಏದುಸಿರು ಬಿಡುತ್ತಾ ನಡೆದರೆ ಬೆಟ್ಟದ ಹೆಗಲಿನ ಮೇಲೆ ಊರು. ಬೆಟ್ಟದ ಕಲ್ಲಿನಿಂದಲೇ ಕಟ್ಟಿದ ಬೂದು ಗೋಡೆಗಳಾದ್ದರಿಂದ ತೀರ ಹತ್ತಿರ ಹೋಗುವ ತನಕ ಅಲ್ಲೊಂದು ಊರಿದೆ ಎಂದೇ ಗೊತ್ತಾಗುವುದಿಲ್ಲ. ಜನ ಬಿಟ್ಟುಹೋಗಿ ಎಷ್ಟೋ ಕಾಲವಾಗಿದೆ. ಕೆಳಗೆ ಸರಕಾರದ ಮನೆ ಸಿಕ್ಕಿತು, ಶಾಲೆ ಬಂತು, ನಲ್ಲಿಯಲ್ಲಿ ನೀರು ಬಂತು. ಒಂದೊಂದೇ ಮನೆಯವರು ಇಳಿದುಹೋದರು.

ಅಲ್ಲಿನ ಕೆಲವು ಮನೆಗಳನ್ನು ರಿಪೇರಿ ಮಾಡಿ, ಬೆಟ್ಟ ಹತ್ತಲು ಬರುವ ಪ್ರವಾಸಿಗರಿಗೆ ಉಳಿದುಕೊಳ್ಳಲು ಕೊಡುವ ಯೋಜನೆಯನ್ನು ಒಂದು ಕಂಪನಿ ಹಾಕಿಕೊಂಡಿತ್ತು. ಅದಕ್ಕೆ ಮೊದಲು ಊರನ್ನು ಇದ್ದದ್ದು ಇದ್ದ ಹಾಗೆ ಅಳೆದು ನಕ್ಷೆ ಮಾಡಿಕೊಡುವ ಕೆಲಸ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿದ್ದ ನಮ್ಮ ಸಣ್ಣ ಕಚೇರಿಗೆ ಬಂತು. ನಕ್ಷೆಯ ಜವಾಬ್ದಾರಿ ನನ್ನದು. ನನ್ನ ಮೇಲಿದ್ದವರು ಉಡುಪಿ ಕಡೆಯ ಒಬ್ಬ ಎಂಜಿನಿಯರ್. ಕಂಪನಿಯವರ ಜೊತೆ ಮಾತುಕತೆ, ತಗಾದೆ, ಸಮಜಾಯಿಷಿ ಎಲ್ಲ ಅವರದೇ.

ಚಳಿಗಾಲದ ಶುರುವಿನಲ್ಲಿ ಅಳತೆ ಹಿಡಿದೆವು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೇಸರ್ ಸ್ಕ್ಯಾನರ್ ಇಟ್ಟು, ಅದು ಒಂದು ಸುತ್ತು ತಿರುಗಿ ಎದುರಿನ ಪ್ರತಿ ಕಲ್ಲನ್ನೂ ಚುಕ್ಕೆ ಚುಕ್ಕೆಯಾಗಿ ಹಿಡಿದುಕೊಳ್ಳುವ ತನಕ ಗೋಡೆಯ ಮರೆಯಲ್ಲಿ ನಿಲ್ಲಬೇಕು. ಆಮೇಲೆ ಎತ್ತಿಕೊಂಡು ಮುಂದಿನ ಜಾಗಕ್ಕೆ. ಗಾಳಿಗೆ ಸ್ಟ್ಯಾಂಡ್ ಅಲುಗಿದರೆ ಆ ಸುತ್ತು ದಂಡ. ಗೋಡೆಗಳಿಗೆ ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಷ್ಟೆ. ಧಾನ್ಯದ ಕೋಣೆಗಳು ಅರ್ಧ ನೆಲದೊಳಗೆ ಇಳಿದಿವೆ. ಬಾಗಿಲು ಮೊಣಕಾಲೂರಿ ನುಸುಳುವಷ್ಟು ಸಣ್ಣದು, ಒಳಗಿರುವ ಮಣ್ಣಿನ ಗುಡಾಣಗಳು ಆ ಬಾಗಿಲಿಗಿಂತ ದೊಡ್ಡವು. ಮೊದಲು ಗುಡಾಣ ಇಟ್ಟು ಆಮೇಲೆ ಸುತ್ತ ಗೋಡೆ ಎಬ್ಬಿಸಿದ್ದರು, ಯಾರೂ ಹೊತ್ತೊಯ್ಯಲಾಗದ ಹಾಗೆ.

ಹೊಲಗಳನ್ನು ಅಳೆಯುವಾಗ ನನಗೆ ಬೇರೆಯೇ ಅಚ್ಚರಿಯಾಯಿತು. ಆ ಬೆಟ್ಟದಲ್ಲಿ ಮಣ್ಣು ಎಂಬುದೇ ಇಲ್ಲ. ಮಳೆನೀರು ಹರಿಯುವ ಕಡೆ ಅಡ್ಡ ಗೋಡೆ ಕಟ್ಟಿ, ನೀರು ತಂದ ಹೂಳನ್ನು ತಡೆದು, ಸಾಲದ್ದನ್ನು ಬುಟ್ಟಿಯಲ್ಲಿ ಹೊತ್ತು ತಂದು ತಲೆಮಾರುಗಟ್ಟಲೆ ಮಾಡಿದ ಮೆಟ್ಟಿಲು ಹೊಲಗಳವು. ಗೋಧಿ, ಬಾರ್ಲಿ ಬೆಳೆಯುತ್ತಿದ್ದರಂತೆ. ಹೊಲಗಳ ಕೆಳತುದಿಯಲ್ಲಿ ಒಂದು ಬೋಳು ಚೌಕ ಇತ್ತು. ಕಂಪನಿಯವರು ನಮಗೆ ಕೊಟ್ಟ ಹಳೆಯ ನಕ್ಷೆಯನ್ನು ಯಾರೋ ವಿಮಾನದಿಂದ ತೆಗೆದ ಚಿತ್ರ ನೋಡಿ ಮಾಡಿದ್ದರು. ಅದರಲ್ಲಿ ಆ ಚೌಕಕ್ಕೆ ಕಣ ಎಂದು ಬರೆದಿತ್ತು, ತೆನೆ ಒಕ್ಕುವ ಜಾಗ. ನೋಡಲಿಕ್ಕೂ ಹಾಗೆಯೇ ಇತ್ತು. ಸಮತಟ್ಟು, ಗಟ್ಟಿ ನೆಲ, ಮೇಲೊಂದು ಕಟ್ಟಡದ ಗುರುತಿಲ್ಲ. ಹೊಸ ಯೋಜನೆಯಲ್ಲಿ ಕೆಳಗಿನ ರಸ್ತೆಯನ್ನು ಅಲ್ಲಿಯವರೆಗೆ ಎಳೆದು, ಗಾಡಿಗಳು ತಿರುಗುವ ಜಾಗ ಅದೇ ಎಂದು ಇಟ್ಟಿದ್ದರು.

ಕಲ್ಲಿನ ಅಳತೆ ಸಿಕ್ಕಿತು. ಯಾವುದು ಯಾರ ಮನೆ, ಎಲ್ಲಿ ಒಲೆ ಹಾಕುತ್ತಿದ್ದರು, ಎಲ್ಲಿ ಆಡು ಕಟ್ಟುತ್ತಿದ್ದರು ಎಂಬುದು ಮಾತ್ರ ಸ್ಕ್ಯಾನರಿಗೆ ಸಿಗುವುದಿಲ್ಲ. ಕೆಳಗಿನ ಪಟ್ಟಣದಲ್ಲಿ ವಿಚಾರಿಸಿದೆವು. ಮೇಲೆಯೇ ಹುಟ್ಟಿ, ಮೇಲೆಯೇ ಸಂಸಾರ ಮಾಡಿ, ಈಗಲೂ ಮಾತಾಡುವ ಸ್ಥಿತಿಯಲ್ಲಿರುವವರು ಒಬ್ಬ ಅಜ್ಜಿ ಮಾತ್ರ, ಕಿಡ್ನಿ ಚಿಕಿತ್ಸೆಗಾಗಿ ಅಬುಧಾಬಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದರು. ಪರಗಂಡಸರ ಎದುರು ಅವರು ಕೂರುವುದಿಲ್ಲ. ಕಚೇರಿಯಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಕಾಲೇಜಿನ ರಜೆಯಲ್ಲೆಲ್ಲ ದುಬೈಯ ನೈಫ್ ಪೇಟೆಯಲ್ಲಿದ್ದ ಅಪ್ಪನ ಬಟ್ಟೆ ಅಂಗಡಿಯಲ್ಲಿ ಗಿರಾಕಿ ನೋಡಿಕೊಂಡಿದ್ದರಿಂದ ಅರಬ್ಬಿಯೂ ಒಂದು ಮಟ್ಟಿಗೆ ಬರುತ್ತಿತ್ತು. ನಾನೇ ಹೋಗುವುದು ಎಂದಾಯಿತು.

ಮನೆ ಹಮ್ದಾನ್ ಸ್ಟ್ರೀಟಿನ ಹಿಂದಿನ ಒಂದು ಹಳೆಯ ಕಟ್ಟಡದಲ್ಲಿತ್ತು. ಮಗಳು ನಿವೃತ್ತ ಶಾಲಾ ಶಿಕ್ಷಕಿ, ನನ್ನ ಚಿಕ್ಕಮ್ಮನ ವಯಸ್ಸು. ಅವರನ್ನು ಅರಬ್ಬಿಯ ರೂಢಿಯಂತೆ ಖಾಲಾ ಎಂದು ಕರೆದೆ. ಅಜ್ಜಿಯನ್ನು ಅವರು ಉಮ್ಮ ಎನ್ನುತ್ತಿದ್ದರು. ನಮ್ಮ ಬ್ಯಾರಿ ಮನೆಗಳಲ್ಲೂ ತಾಯಿಗೆ ಉಮ್ಮ ಎಂದೇ ಕರೆಯುವುದರಿಂದ ನನ್ನ ಬಾಯಲ್ಲೂ ಅದೇ ಬಂತು. ಅಜ್ಜಿ ಎಲುಬು ಕಾಣುವಷ್ಟು ಬಡಕಲು, ಒಂದು ಕಣ್ಣಿಗೆ ಪೊರೆ. ಅವರ ಬೆಟ್ಟದ ಅರಬ್ಬಿ ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಖಾಲಾ ಪಕ್ಕದಲ್ಲಿ ಕೂತು ಬಿಡಿಸಿ ಹೇಳುತ್ತಿದ್ದರು.

ಮೊದಲ ಸಲ ಕಾಗದದ ನಕ್ಷೆ ಹರಡಿದೆ. ಅಜ್ಜಿ ಅದನ್ನು ಕೈಯಿಂದ ಸವರಿ, ಚಂದ ಉಂಟು ಎನ್ನುವಂತೆ ತಲೆ ಆಡಿಸಿ, ನನಗೆ ಕಾಫಿ ಕುಡಿಯಲು ಹೇಳಿದರು. ಅಷ್ಟೆ. ದುಬೈಗೆ ಮರಳಿ ಸ್ಕ್ಯಾನಿನ ಅಳತೆಯಿಂದ ಫೋಮ್ ಬೋರ್ಡ್ ಕತ್ತರಿಸಿ, ಪದರದ ಮೇಲೆ ಪದರ ಅಂಟಿಸಿ ಇಡೀ ಊರಿನ ಮಾದರಿ ಮಾಡಿದೆ. ಮನೆಗಳು, ಹೊಲಗಳು, ಮಳೆನೀರು ತುಂಬಿಡುವ ಕಲ್ಲಿನ ತೊಟ್ಟಿ, ಎಲ್ಲ. ಎರಡು ಪೆಟ್ಟಿಗೆಗಳಲ್ಲಿ ತುಂಬಿ ಅಬುಧಾಬಿಯ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು, ಕಾಲ ಬಳಿ ಒಂದು ಇಟ್ಟುಕೊಂಡು ಹೋದೆ.

ಅದೂ ಕೈಕೊಟ್ಟಿತು. ಅಜ್ಜಿ ತಮ್ಮ ಮನೆ ಇದು ಎಂದು ಆಡಿನ ಕೊಟ್ಟಿಗೆಯನ್ನು ತೋರಿಸಿದರು. ತೊಟ್ಟಿ ಊರಿನ ಕೆಳಗಿತ್ತು ಎಂದರು, ಅದು ಇರುವುದು ಮೇಲೆ. ನೆರೆಮನೆ ಎಂದು ಬೆರಳಿಟ್ಟ ಕಡೆ ಬರೀ ಬಂಡೆ. ನಾನು ಬರೆದುಕೊಂಡು ಬಂದದ್ದನ್ನು ನೋಡಿ ಎಂಜಿನಿಯರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಜ್ಜಿಗೆ ಮರೆವು ಹಿಡಿದಿದೆ, ಇವರನ್ನು ನಂಬಿ ನಕ್ಷೆಯಲ್ಲಿ ಒಂದು ಅಕ್ಷರ ಬರೆಯಬೇಡಿ ಎಂದರು.

ನನಗೂ ಹಾಗೇ ಅನಿಸಿತ್ತು. ಆದರೆ ಮುಂದಿನ ವಾರ ಮೇಲೆ ಉಳಿದಿದ್ದ ಒಂದೆರಡು ಅಳತೆಗಾಗಿ ಹೋಗಿ, ತೊಟ್ಟಿಯ ಬಳಿ ನಿಂತು ಮನೆಗಳ ಕಡೆ ನೋಡುವಾಗ ಹೊಳೆಯಿತು. ಆ ಊರನ್ನು ಹಕ್ಕಿಯ ಹಾಗೆ ಮೇಲಿನಿಂದ ನೋಡಿದವರು ನಾವು. ಅಜ್ಜಿ ಒಂದು ದಿನವೂ ಹಾಗೆ ನೋಡಿದವರಲ್ಲ. ಅವರು ನಡೆದವರು. ಮತ್ತೆ ಅಬುಧಾಬಿಗೆ ಹೋದಾಗ ಮಾದರಿಯನ್ನು ಎತ್ತರದ ಮೇಜಿನ ಮೇಲಿಟ್ಟೆ, ಅಜ್ಜಿಯ ಕಣ್ಣಿನ ಮಟ್ಟಕ್ಕೆ. ತೊಟ್ಟಿ ಇರುವ ಬದಿಗೆ ಅವರ ಕುರ್ಚಿ ಹಾಕಿದೆ. ಎಲ್ಲಿ ಏನಿದೆ ಎಂದು ಕೇಳಲಿಲ್ಲ.

"ಉಮ್ಮ, ನೀರು ತುಂಬಿಸಿಕೊಂಡಿರಿ. ಇನ್ನು ಮನೆಗೆ ಹೋಗಿ" ಎಂದೆ.

ಅವರು ಕಣ್ಣು ಮುಚ್ಚಿದರು. ಎರಡು ಬೆರಳುಗಳನ್ನು ತೊಟ್ಟಿಯ ಅಂಚಿಗೆ ಇಟ್ಟು, ಒಂದನ್ನೊಂದು ದಾಟಿಸುತ್ತ ಇಳಿಯತೊಡಗಿದರು. ಇಲ್ಲಿ ಜಾರುತ್ತದೆ ಎಂದು ಒಂದು ಕಡೆ ನಿಂತರು. ಅಲ್ಲಿ ಒಂದು ಮೆಟ್ಟಿಲು ಹೋಗಿದೆ ಎಂದು ನನ್ನ ಅಳತೆಯಲ್ಲೂ ಇತ್ತು. ಇದು ದೊಡ್ಡಪ್ಪನ ಮನೆ, ನಾಯಿ ಇದೆ ಎಂದು ಬೆರಳನ್ನು ಸುತ್ತಿಸಿ ತಂದರು. ತಲೆ ಬಗ್ಗಿಸಿ ಒಂದು ಬಾಗಿಲಿನ ಮುಂದೆ ನಿಂತು ನೀರು ಇಳಿಸಿದ ಹಾಗೆ ಉಸಿರು ಬಿಟ್ಟರು. ಬೆರಳು ನಿಂತಿದ್ದ ಮನೆ ಊರಿನ ನಡುವೆ ಇತ್ತು, ಒಲೆಯ ಮಸಿ ಇನ್ನೂ ಗೋಡೆಯಲ್ಲಿದ್ದ ಮನೆ. ಖಾಲಾ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಅವರು ಹುಟ್ಟಿದ್ದು ಕೆಳಗೆ ಇಳಿದ ಮೇಲೆ. ಮೇಲಿನ ಮನೆಯನ್ನು ಕಂಡವರಲ್ಲ.

ಹೀಗೆ ಕೆಲವು ಭೇಟಿಗಳಲ್ಲಿ ಅಜ್ಜಿ ನನ್ನನ್ನು ಎಲ್ಲ ಮನೆಗಳಿಗೂ ಕರೆದೊಯ್ದರು. ಡಯಾಲಿಸಿಸ್ ಆದ ಮರುದಿನ ಅವರಿಗೆ ಸ್ವಲ್ಪ ಲವಲವಿಕೆ, ಆ ದಿನ ನೋಡಿ ಹೋಗುತ್ತಿದ್ದೆ. ಕೊನೆಗೆ ಹೊಲಗಳು ಉಳಿದವು. ಕೊಯ್ಲಿನ ದಿನ ಹೊರಟ ಹಾಗೆ ಬೆರಳುಗಳು ಒಂದೊಂದೇ ಮೆಟ್ಟಿಲಿಳಿದು ಹೋದವು. ಕೆಳತುದಿಯ ಬೋಳು ಚೌಕದ ಹತ್ತಿರ ಬಂದು ಥಟ್ಟನೆ ನಿಂತವು. ಅಜ್ಜಿ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಖಲಾಸ್, ಸಾಕು ಎಂದರು. ಆಯಾಸವಾಗಿರಬೇಕು ಎಂದು ಖಾಲಾ ಅವರನ್ನು ಒಳಗೆ ಮಲಗಿಸಿದರು.

ಅದರ ಮುಂದಿನ ಸಲ ಖಾಲಾ ಔಷಧಿ ತರಲು ಕೆಳಗಿಳಿದಿದ್ದರು. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದು, ಆ ಚೌಕದಲ್ಲಿ ಏನು ಕಟ್ಟುತ್ತಾರೆ ಎಂದು ಕೇಳಿದರು. ಕಣವಲ್ಲವೇ, ಅಲ್ಲಿ ಗಾಡಿ ತಿರುಗಿಸುತ್ತಾರೆ ಎಂದೆ.

"ಕಣ ಅಂತ ಯಾರು ಹೇಳಿದರು? ಕಣ ಮೇಲೆ, ಗಾಳಿ ಬೀಸುವ ಕಡೆ. ಇದು ಹೊಲ. ಮಕ್ಕಳನ್ನು ಇಟ್ಟ ಹೊಲ."

ನನಗೆ ಅರ್ಥವಾಗಲೆಂದು ನಿಧಾನವಾಗಿ, ಸಣ್ಣ ಸಣ್ಣ ಮಾತಿನಲ್ಲಿ ಹೇಳಿದರು. ಅವರ ಮದುವೆಯಾದ ಹೊಸತರಲ್ಲಿ ಒಂದು ಚಳಿಗಾಲ ಊರಿನ ಮಕ್ಕಳಿಗೆ ದಡಾರ ಬಂತು. ಅದೇ ಹೊತ್ತಿಗೆ ಮಳೆ ಹಿಡಿಯಿತು. ಊರಿನ ಖಬರಸ್ತಾನ ವಾದಿಯ ಆಚೆ ದಡದಲ್ಲಿ. ವಾದಿ ತುಂಬಿ ಹರಿಯುತ್ತಿತ್ತು, ಇಳಿಯುವ ದಾರಿ ಕೊಚ್ಚಿಹೋಗಿತ್ತು. ಒಂದರ ಹಿಂದೆ ಒಂದು ಮಗು ಹೋಗುತ್ತಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಬಂಡೆಯಲ್ಲಿ ಗುಂಡಿ ತೋಡುವ ಹಾಗಿಲ್ಲ, ಮಣ್ಣು ಇದ್ದದ್ದು ಹೊಲದಲ್ಲಿ ಮಾತ್ರ. ಹಿರಿಯರು ಕೆಳಗಿನ ಹೊಲವನ್ನು ಬಿಟ್ಟುಕೊಟ್ಟರು. ತಲೆಯ ಕಡೆ ಒಂದು ಕಲ್ಲು, ಕಾಲಿನ ಕಡೆ ಒಂದು ಕಲ್ಲು, ಅಷ್ಟೆ ಗುರುತು. ಆಮೇಲೆ ಆ ಹೊಲದಲ್ಲಿ ಯಾರೂ ಗೋಧಿ ಬಿತ್ತಲಿಲ್ಲ. ಊರು ಖಾಲಿಯಾದ ಮೇಲೆ ಆಡು ಮೇಯಿಸುವವರು ಕಲ್ಲುಗಳನ್ನು ಕಿತ್ತು ದೊಡ್ಡಿ ಕಟ್ಟಿರಬೇಕು. ಅವರಿಗೇನು ಗೊತ್ತು ಎಂದರು ಅಜ್ಜಿ, ಸಿಟ್ಟಿಲ್ಲದೆ.

ಅವರ ಮೊದಲ ಮಗಳೂ ಅಲ್ಲಿ. ಇನ್ನೂ ನಡೆಯಲು ಕಲಿಯದ ಕೂಸು. ಹೊಲದ ಕೊನೆಯಲ್ಲಿ, ವಾದಿಯ ಕಡೆಯ ಗೋಡೆಗೆ ಒತ್ತಿದ ಹಾಗೆ.

ಬಾಗಿಲಿನ ಬೀಗ ತಿರುಗುವ ಸದ್ದಾಯಿತು. ಅಜ್ಜಿ ನನ್ನ ಮಣಿಕಟ್ಟು ಹಿಡಿದರು. "ಮಗಳಿಗೆ ಹೇಳಬೇಡ. ತಾನೇ ಮೊದಲನೆಯವಳು ಅಂತ ತಿಳಿದುಕೊಂಡಿದ್ದಾಳೆ."

ಹೇಳುವುದಿಲ್ಲ ಎಂದೆ. ಆ ಗಳಿಗೆಯಲ್ಲಿ ಬೇರೆ ಏನು ಹೇಳಲು ಸಾಧ್ಯವಿತ್ತು?

ಮರುದಿನ ಕಚೇರಿಯಲ್ಲಿ ಎಂಜಿನಿಯರಿಗೆ ವಿಷಯ ಹೇಳಿದೆ, ಯಾರು ಹೇಳಿದ್ದು ಎಂಬುದನ್ನು ಬಿಟ್ಟು. ಅವರು ನನ್ನನ್ನೇ ನೋಡಿದರು.

"ಮಾರಾಯ್ತಿ, ನೀವು ಹೇಳುದು ನಿಜವೇ ಇರ್ಬಹುದು. ಆದ್ರೆ ಯಾರು ಹೇಳಿದ್ದು ಅಂತ ಅವರು ಕೇಳುದಿಲ್ವಾ? ಆಗ ನಾನೆಂತ ಹೇಳುದು?"

"ಹೆಸರು ಹೇಳ್ಲಿಕ್ಕೆ ಆಗುದಿಲ್ಲ ಸರ್. ಮಾತು ಕೊಟ್ಟಿದ್ದೇನೆ."

ಅದೇ ಅಜ್ಜಿ ತಾನೇ, ಆಡಿನ ಕೊಟ್ಟಿಗೆಯನ್ನು ಮನೆ ಎಂದು ತೋರಿಸಿದವರು ಎಂದು ಕೇಳಿದರು. ಮಾತು ಕೊಟ್ಟಿದ್ದೇನೆ ಎಂದಷ್ಟೇ ಮತ್ತೆ ಹೇಳಿದೆ. ಅವರು ಒತ್ತಾಯ ಮಾಡಲಿಲ್ಲ. ನೆಲದಡಿ ಏನಿದೆ ಎಂದು ತರಂಗ ಕಳಿಸಿ ನೋಡುವ ಯಂತ್ರವೊಂದಿದೆ, ಅದನ್ನು ತರಿಸಿ ಒಮ್ಮೆ ಎಳೆದು ನೋಡೋಣ, ಸಿಕ್ಕಿದರೆ ಯಾರ ಹೆಸರೂ ಬೇಕಾಗುವುದಿಲ್ಲ ಎಂದರು. ಒಳ್ಳೆಯ ಸಲಹೆಯೇ. ಹುಲ್ಲು ಕತ್ತರಿಸುವ ಗಾಡಿಯಂಥ ಆ ಯಂತ್ರವನ್ನು ಹೊತ್ತು ಹತ್ತಿಸಿ, ಚೌಕದ ಮೇಲೆ ಹಗ್ಗ ಕಟ್ಟಿ, ಗೆರೆ ಗೆರೆಯಾಗಿ ಎಳೆದೆವು. ಪರದೆಯ ಮೇಲೆ ಬರೀ ಗೋಜಲು. ಹೂಳಿನ ಜೊತೆ ಬಂದ ಕಲ್ಲುಗಳು ಎಲ್ಲ ಕಡೆ ತುಂಬಿದ್ದವು. ಮಕ್ಕಳ ಗುಂಡಿಗಳು ಆಳವೂ ಇರಲಿಲ್ಲವೇನೋ. ಇದೆ ಎನ್ನಲೂ ಇಲ್ಲ ಎನ್ನಲೂ ಆಗುವುದಿಲ್ಲ ಎಂದು ಯಂತ್ರ ತಂದವನು ಬರೆದುಕೊಟ್ಟ. ಕಂಪನಿಯವರು ಅದನ್ನು ಇಲ್ಲ ಎಂದು ಓದಿಕೊಂಡರು. ಕೆಳಗಿನಿಂದ ರಸ್ತೆಯ ಕೆಲಸ ಆಗಲೇ ಶುರುವಾಗಿತ್ತು.

ಅಂತಿಮ ನಕ್ಷೆಯನ್ನು ಕಳಿಸಬೇಕಾದ ವಾರ ಅದು. ಕಂಪ್ಯೂಟರಿನಲ್ಲಿ ಆ ಚೌಕದ ಮೇಲೆ ಕಣ ಎಂಬ ಪದ ಇನ್ನೂ ಇತ್ತು. ತುಂಬ ಹೊತ್ತು ಅದರ ಮುಂದೆ ಕೂತಿದ್ದೆ. ಹೆಸರು ಕೊಡುವಂತಿಲ್ಲ, ಯಂತ್ರದ ಸಾಕ್ಷಿ ಇಲ್ಲ. ಆದರೆ ನಕ್ಷೆಗೆ ಸಹಿ ಹಾಕುವವಳು ನಾನು, ಅಲ್ಲಿ ಮಕ್ಕಳಿದ್ದಾರೆ ಎಂದು ನನಗೆ ಗೊತ್ತು. ಕಣ ಎಂಬುದನ್ನು ಅಳಿಸಿ ಮಕ್ಕಳ ದಫನ ಸ್ಥಳ, ಅಗೆಯಬಾರದು ಎಂದು ಬರೆದೆ. ಸುತ್ತ ಕೆಂಪು ಗೆರೆ ಎಳೆದೆ. ಆಧಾರ ಎಂಬ ಕಡೆ ನನ್ನದೇ ಹೆಸರು ಹಾಕಿ, ಕಂಪನಿಗೂ ರಸ್ತೆ ಗುತ್ತಿಗೆದಾರರಿಗೂ ಪರಂಪರೆಯ ಕೆಲಸ ನೋಡುವ ಸರಕಾರಿ ಕಚೇರಿಗೂ ಒಟ್ಟಿಗೆ ಕಳಿಸಿಬಿಟ್ಟೆ. ಎಂಜಿನಿಯರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಆಮೇಲೆ ಕಳಿಸುವುದು ಇನ್ನೂ ಕಷ್ಟವಾಗುತ್ತಿತ್ತು.

ಅವರಿಗೆ ವಿಪರೀತ ಸಿಟ್ಟು ಬಂತು. ಬಾಗಿಲು ಹಾಕಿಕೊಂಡು ಬೈದರು. ನಿಮ್ಮ ಜೊತೆ ನನ್ನ ವೀಸಾವನ್ನೂ ತೆಗೆಸುವ ಅಂದಾಜು ಉಂಟಾ ಎಂದರು. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು, ಕಂಪನಿಯವರದೇ. ಆ ಕಡೆಯ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ, ನಕ್ಷೆ ನಮ್ಮ ಕಚೇರಿಯದ್ದೇ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಫೋನಿಟ್ಟರು. ನನ್ನ ಕಡೆ ತಿರುಗದೆಯೇ, ನಾಳೆ ಬೆಳಿಗ್ಗೆ ಮೇಲೆ ಹೋಗುವ, ಗಾಡಿ ನಾನು ತರುತ್ತೇನೆ ಎಂದರು.

ಸರಕಾರಿ ಕಚೇರಿಯಿಂದ ಕೆಲಸ ನಿಲ್ಲಿಸಲು ಆದೇಶ ಬಂದಿತ್ತು. ಆದರೆ ಅದು ಬೆಟ್ಟ ಹತ್ತುವ ಮೊದಲೇ ಮಣ್ಣು ಅಗೆಯುವ ಯಂತ್ರ ಹತ್ತಿತ್ತು.

ಕೆಳಗಿನ ಒಂದು ತಿರುವಿನಲ್ಲಿ ಹಳ್ಳ ತುಂಬಿಸಲು ಗುತ್ತಿಗೆದಾರರಿಗೆ ಮಣ್ಣು ಬೇಕಾಗಿತ್ತು. ಆ ಬೆಟ್ಟದಲ್ಲಿ ಮಣ್ಣು ಇನ್ನೆಲ್ಲಿ ಸಿಗಬೇಕು? ಹೇಗೂ ಸಮ ಮಾಡುವ ಜಾಗ ಎಂದು ಚೌಕದ ಕೆಳ ಅಂಚನ್ನು ಕೆರೆದು ಕೆಳಗೆ ತಳ್ಳಿ, ಅಲ್ಲಿಂದ ಲಾರಿಗೆ ತುಂಬಿಸಿದ್ದರು. ವಾದಿಯ ಕಡೆಯ ಗೋಡೆ ಉರುಳಿ ಬಿದ್ದಿತ್ತು. ಕತ್ತರಿಸಿದ ಕಡೆ ಮಣ್ಣು ಒಳಗಿನ ತಿಳಿ ಬಣ್ಣ ತೋರಿಸಿಕೊಂಡು ನಿಂತಿತ್ತು. ನಾನು ಅದನ್ನು ಅಳೆಯಲು ಟೇಪ್ ತೆಗೆದೆ. ಅಭ್ಯಾಸಬಲ. ಟೇಪಿನ ತುದಿ ಹಿಡಿದುಕೊಳ್ಳಲು ಎಂಜಿನಿಯರ್ ಬಂದವರು ನನ್ನ ಮುಖ ನೋಡಿ ಟೇಪನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು.

ಯಂತ್ರ ನಡೆಸಿದವನು ಪಾಕಿಸ್ತಾನದ ಸ್ವಾತ್ ಕಡೆಯ ಪಠಾಣ, ನರೆತ ಗಡ್ಡದವನು. ಅಲ್ಲಿ ಏನಿತ್ತು ಎಂದು ಎಂಜಿನಿಯರ್ ಹಿಂದಿಯಲ್ಲಿ ಹೇಳಿದಾಗ ಅವನು ಚಪ್ಪಲಿ ಕಳಚಿ ಚೌಕದಿಂದ ಹೊರಗೆ ಬಂದು ನಿಂತ. "ನಾನು ನೋಡಿಕೊಂಡೇ ಅಗೆಯುವವನು ಮೇಡಂ. ಏನೂ ಕಾಣಲಿಲ್ಲ" ಎಂದ. ಕಾಣುವಂಥದ್ದು ಅಲ್ಲಿ ಉಳಿದಿರಲಿಕ್ಕೂ ಇಲ್ಲ.

ಹಿಂದಿರುಗುವ ದಾರಿಯಲ್ಲಿ ಎಂಜಿನಿಯರ್ ಲೆಕ್ಕ ಹಾಕುವವರ ಹಾಗೆ ಮೆಲ್ಲಗೆ ಮಾತಾಡಿದರು. ರಸ್ತೆಯನ್ನು ಕೆಳಗೇ ನಿಲ್ಲಿಸಬಹುದು, ಬಂದವರು ನಡೆದು ಹತ್ತಲಿ. ಕಂಪನಿಯವರನ್ನು ಅದಕ್ಕೆ ತಾನು ಒಪ್ಪಿಸಬಲ್ಲೆ ಎಂದರು. ಆದರೆ ತಿರುವಿಗೆ ಹಾಕಿದ ಮಣ್ಣನ್ನು ಏನು ಮಾಡುವುದು? ಅದನ್ನು ಮುಟ್ಟಲು, ಬಿಡಲು ನಾವು ಯಾರು? ಅದನ್ನು ಹೇಳಬೇಕಾದವರು ಮನೆಯವರು. ಅವರು ಅಷ್ಟೇ ಹೇಳಿದರು. ಯಾವ ಮನೆಯವರು ಎಂದು ಕೇಳಲಿಲ್ಲ.

ಆ ವಾರ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ನೋಡಲು ಹೋದವಳು ಹೊರಗಿನ ಕಾರಿಡಾರಿನಲ್ಲಿ ಖಾಲಾರನ್ನು ಕಂಡು, ಸ್ವಲ್ಪ ಕೆಳಗೆ ಬನ್ನಿ ಎಂದೆ. ಹತ್ತಿರದ ಕೆಫೆಟೀರಿಯಾದಲ್ಲಿ ಎರಡು ಕರಕ್ ಚಹಾ ಮುಂದೆ ಇಟ್ಟುಕೊಂಡು ಕೂತೆವು. ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ ಎಂದು ಮೊದಲೇ ಹೇಳಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ದಡಾರ, ಮಳೆ, ಹೊಲ, ಕೊನೆಯಲ್ಲಿದ್ದ ಕೂಸು, ಲಾರಿಗೆ ತುಂಬಿಸಿದ ಮಣ್ಣು.

ಖಾಲಾ ಅಳಲಿಲ್ಲ. ಕಪ್ಪನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತರು. ಚಿಕ್ಕಂದಿನಲ್ಲಿ ತನಗೆ ಸ್ವಲ್ಪ ಮೈ ಬಿಸಿಯಾದರೂ ಉಮ್ಮ ಊಟ ಬಿಟ್ಟು ಹಾಸಿಗೆಯ ಪಕ್ಕದಲ್ಲೇ ಕೂರುತ್ತಿದ್ದರು, ಇಷ್ಟು ಹೆದರುವ ತಾಯಿ ಯಾರಿಗೂ ಇಲ್ಲ ಎಂದು ತಾನು ಗೆಳತಿಯರ ಮುಂದೆ ನಗುತ್ತಿದ್ದೆ ಎಂದರು. ಆಮೇಲೆ ಕೇಳಿದರು:

"ಆ ಮಣ್ಣು ಈಗ ಎಲ್ಲಿದೆ?"

ರಸ್ತೆಯ ತಿರುವಿನಲ್ಲಿ, ಇನ್ನೂ ಸಡಿಲವಾಗಿಯೇ ಇದೆ, ಮೇಲೆ ರೋಲರ್ ಹೋಗಿಲ್ಲ ಎಂದೆ. ಹೋಗಬಾರದು ಎಂದರು. ಶುಕ್ರವಾರ ನಮಾಜು ಮುಗಿದ ಮೇಲೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದೂ ಹೇಳಿದರು.

ಶುಕ್ರವಾರ ಅವರು ಒಬ್ಬರೇ ಡ್ರೈವ್ ಮಾಡಿಕೊಂಡು ದುಬೈಗೆ ಬಂದು ನನ್ನನ್ನು ಹತ್ತಿಸಿಕೊಂಡರು. ಎಂಜಿನಿಯರ್ ಮೊದಲೇ ಹೋಗಿ ಗುತ್ತಿಗೆದಾರರ ಹತ್ತಿರ ಮಾತಾಡಿ, ಕೆಲವು ಕೆಲಸದವರನ್ನು, ರಬ್ಬರಿನ ಬುಟ್ಟಿಗಳನ್ನು ತಿರುವಿಗೆ ತರಿಸಿಟ್ಟಿದ್ದರು. ರಜೆಯ ದಿನ. ಬರಲೇಬೇಕು ಎಂದು ಯಾರಿಗೂ ಹೇಳಿರಲಿಲ್ಲ, ವಿಷಯ ಮಾತ್ರ ಹೇಳಿದ್ದರಂತೆ. ಪಠಾಣನೂ ಬಂದಿದ್ದ, ಯಂತ್ರದ ಬೀಗದ ಕೈ ಜೇಬಿನಲ್ಲಿತ್ತು. ಲೋಡರಿನಲ್ಲಿ ತುಂಬಿಸಿದರೆ ಬೇಗ ಆಗುತ್ತದೆ ಎಂದು ಯಾರೋ ಅಂದಾಗ ಅವನು ಬೇಡ ಎಂದು ತಲೆಯಾಡಿಸಿ ಸಲಿಕೆ ಎತ್ತಿಕೊಂಡ.

ಮಣ್ಣಿನ ರಾಶಿಯ ಮುಂದೆ ಖಾಲಾ ನಿಂತರು. ಏನಾದರೂ ಕಂಡರೆ ಬೇರೆ ಇಡಬೇಕೇ ಎಂದು ನನ್ನಿಂದ ಕೇಳಿಸಿದರು ಎಂಜಿನಿಯರ್.

"ಹುಡುಕಬೇಡಿ. ಜರಡಿ ಹಿಡಿಯಬೇಡಿ. ಮಣ್ಣನ್ನು ಮಣ್ಣಿನ ಹಾಗೆಯೇ ತನ್ನಿ."

ಮೇಲಿನ ದಾರಿ ಕಡಿದಾಗಿದ್ದರಿಂದ ಕೆಲಸದವರು ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದರು. ಎಂಜಿನಿಯರ್ ಇಬ್ಬರನ್ನು ಇಟ್ಟುಕೊಂಡು ಉರುಳಿದ ಗೋಡೆಯ ಕಲ್ಲುಗಳನ್ನು ಆರಿಸಿ ಮತ್ತೆ ಕೂರಿಸುತ್ತಿದ್ದರು. ಗೋಡೆ ಒಂದು ಮೊಳ ಎದ್ದರೆ ಅದರ ಹಿಂದೆ ಮಣ್ಣು ಹಾಕುವುದು, ಮತ್ತೆ ಗೋಡೆ, ಮತ್ತೆ ಮಣ್ಣು. ಸ್ಕ್ಯಾನಿನಲ್ಲಿ ಆ ಗೋಡೆಯ ಒಂದೊಂದು ಕಲ್ಲೂ ನನ್ನ ಬಳಿ ಇತ್ತು. ಟ್ಯಾಬ್ ಹಿಡಿದು ಯಾವ ಕಲ್ಲು ಎಲ್ಲಿ ಎಂದು ಹೇಳುತ್ತ ಹೋದೆ. ಆ ಅಳತೆ ಇಂಥದ್ದಕ್ಕೆ ಬೇಕಾದೀತು ಎಂದು ತೆಗೆಯುವಾಗ ಅಂದುಕೊಂಡಿರಲಿಲ್ಲ. ಖಾಲಾ ಅಬಾಯದ ತೋಳು ಮಡಚಿ ನೆಲದ ಮೇಲೆ ಕೂತಿದ್ದರು. ಬಂದ ಪ್ರತಿ ಬುಟ್ಟಿಯ ಮಣ್ಣನ್ನು ಅವರೇ ಕೈಯಿಂದ ಹರಡಿದರು. ಇಷ್ಟು ಮೇಲೆ ಗಾಳಿ ಇದ್ದರೂ ಬಿಸಿಲು ಸುಡುತ್ತಿತ್ತು. ಬೇರೆಯವರು ಹರಡುತ್ತಾರೆ, ನೀವು ನೆರಳಿಗೆ ಬನ್ನಿ ಎಂದು ಕರೆದರೆ ಕೇಳಿಸದವರ ಹಾಗೆ ಇದ್ದರು.

ಮುಗಿದಾಗ ಎಲ್ಲರೂ ಸ್ವಲ್ಪ ದೂರ ಸರಿದರು. ಖಾಲಾ ಕೈ ಎತ್ತಿ ದುಆ ಮಾಡಿದರು, ಪಠಾಣನೂ ಕೈ ಎತ್ತಿದ, ನಾನೂ. ಎಂಜಿನಿಯರ್ ಕ್ಯಾಪ್ ತೆಗೆದು ಎದೆಗೆ ಹಿಡಿದು ನಿಂತಿದ್ದರು. ಇಳಿಯುವ ಮೊದಲು ಖಾಲಾ ಊರಿನೊಳಗೆ ಹೋಗಬೇಕು ಎಂದರು. ಅಜ್ಜಿಯ ಬೆರಳು ನಡೆದ ದಾರಿಯಲ್ಲೇ ತೊಟ್ಟಿಯಿಂದ ಮನೆಗೆ ಕರೆದೊಯ್ದೆ. ಅವರು ಬಾಗಿಲಿನೊಳಗೆ ತಲೆ ಬಗ್ಗಿಸಿ ಹೋಗಿ, ಒಲೆಯ ಮಸಿಯ ಮೇಲೆ ಅಂಗೈ ಇಟ್ಟು ಬಂದರು.

ಅದೇ ವಾರ ಕಂಪನಿಯವರು ಮುಂದಿನ ಹಂತದಿಂದ ನನ್ನನ್ನು ಕೈಬಿಡಬೇಕೆಂದು ಬರೆದರು. ಎಂಜಿನಿಯರ್ ಒಪ್ಪಿಕೊಂಡರು. ಬದಲಿಗೆ ರಸ್ತೆಯನ್ನು ಕೆಳಗೆ ನಿಲ್ಲಿಸುವುದಕ್ಕೆ ಅವರನ್ನು ಒಪ್ಪಿಸಿಕೊಂಡಿದ್ದರು. ಈಗ ಅಲ್ಲಿನ ಫಲಕದ ನಕ್ಷೆಯಲ್ಲಿ ಆ ಚೌಕದ ಮೇಲೆ ಯಾವ ಹೆಸರೂ ಇಲ್ಲ ಎಂದು ಕೇಳಿದ್ದೇನೆ. ಖಾಲಾರಿಗೂ ಅದೇ ಬೇಕಿತ್ತು.

ಅಜ್ಜಿಯನ್ನು ನಾನು ಕೊನೆಯ ಸಲ ನೋಡಿದ್ದು ಬೆಟ್ಟದಿಂದ ಬಂದ ಮೇಲೆ, ಆಸ್ಪತ್ರೆಯಲ್ಲಿ. ಖಾಲಾ ನನ್ನನ್ನು ಬರಹೇಳಿದ್ದರು. ಅಜ್ಜಿಗೆ ಎಚ್ಚರವಿತ್ತು, ದನಿ ತೀರ ಸಣ್ಣಗಾಗಿತ್ತು. ಖಾಲಾ ಮಂಚದ ಅಂಚಿನಲ್ಲಿ ಕೂತು, ನಾನು ಮೇಲೆ ಹೋಗಿ ಬಂದೆ ಉಮ್ಮ, ಅಕ್ಕನ ಹತ್ತಿರ ಎಂದರು.

ಅಜ್ಜಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಹೊಲದ ಗೋಡೆ ಒಂದು ಕಡೆ ಬಿದ್ದಿತ್ತು, ಅದನ್ನು ಎಬ್ಬಿಸಿ, ಜಾರಿದ್ದ ಮಣ್ಣನ್ನು ನನ್ನ ಕೈಯಿಂದಲೇ ಹಾಕಿ ಬಂದೆ ಎಂದರು ಖಾಲಾ. ಯಂತ್ರ, ಲಾರಿ, ತಿರುವು ಯಾವುದನ್ನೂ ಹೇಳಲಿಲ್ಲ. ಅಜ್ಜಿ ಕಣ್ಣು ಮುಚ್ಚಿದರು. ನಿದ್ದೆ ಹೋದರೆಂದು ನಾವು ಏಳುವಷ್ಟರಲ್ಲಿ ಕೇಳಿದರು:

"ಮಣ್ಣು ಒದ್ದೆ ಇತ್ತಾ?"

ಕೂಸನ್ನು ಮಣ್ಣು ಮಾಡಿದ ದಿನ ತೋಡಿದಷ್ಟೂ ಗುಂಡಿಗೆ ನೀರು ಬರುತ್ತಿತ್ತಂತೆ. ಗಂಡ ಬಟ್ಟಲಿನಿಂದ ಮೊಗೆದು ಮೊಗೆದು ಚೆಲ್ಲಿದರೂ ನಿಲ್ಲಲಿಲ್ಲ. ಕೊನೆಗೆ ಹಾಗೆಯೇ, ಆ ಕೆಸರಿನಲ್ಲೇ ಇಟ್ಟರು. ಸುತ್ತಿದ ಬಟ್ಟೆ ನೆನೆಯುವುದನ್ನು ನಾನು ನೋಡಿದೆ ಎಂದರು ಅಜ್ಜಿ. ಇದನ್ನು ಅವರು ನನಗೂ ಹೇಳಿರಲಿಲ್ಲ.

"ಇಲ್ಲ ಉಮ್ಮ" ಎಂದರು ಖಾಲಾ. "ಒಣಗಿತ್ತು. ಬಿಸಿಲಿಗೆ ಬೆಚ್ಚಗಿತ್ತು."

"ಬೆಚ್ಚಗಿತ್ತಾ?"

"ಬೆಚ್ಚಗಿತ್ತು."

ಅಜ್ಜಿ ಮಗಳ ಎರಡು ಕೈಗಳನ್ನೂ ಎಳೆದುಕೊಂಡು, ಅಂಗೈಗಳನ್ನು ತಮ್ಮ ಮುಖದ ಮೇಲೆ ಇಟ್ಟುಕೊಂಡರು. ತುಂಬ ಹೊತ್ತು ಬಿಡಲಿಲ್ಲ.